ಅಟ್ಟದ ಮೇಲಿನ ಹಾರ್ಮೋನಿಯಂ ಅಗ್ಗಕ್ಕೆ ಸಿಕ್ಕಾಗ

ಬೆಂಗಳೂರಿನಲ್ಲಿ ಬ್ಯಾಂಡು ಕಟ್ಟಿಕೊಂಡಿರುವ ಹುಡುಗರ ಜತೆ ಐದು ನಿಮಿಷ ಮಾತಾಡಿ ನೋಡಿ. ಹೊಸ ಗಿಟಾರಿಗಿಂತ ಹಳೇ ಗಿಟಾರಿನ ಸುದ್ದಿಯೇ ಜಾಸ್ತಿ. ‘ಯಾರೋ ಫಾರಿನ್ನಿಗೆ ಹೋಗ್ತಿದಾರಂತೆ, ಹಳೇ ಬೇಸ್ ಗಿಟಾರ್ ಅರ್ಜೆಂಟಾಗಿ ಮಾರ್ತಿದಾರಂತೆ, ಅವರಿಗೆ ಅದರ ರೇಟೇ ಗೊತ್ತಿಲ್ವಂತೆ!’ ಈ ಕೊನೆಯ ವಾಕ್ಯ ಹೇಳುವಾಗ ಕಣ್ಣಲ್ಲಿ ಬರುವ ಹೊಳಪು ಇದೆಯಲ್ಲ, ಅದು ಸಂಬಳ ಬಂದ ದಿನವೂ ಇರುವುದಿಲ್ಲ.

ಹಳೇ ಗಿಟಾರಿನ ಹುಚ್ಚಿಗೆ ಕಾರಣ ಇಲ್ಲದಿಲ್ಲ. ಅಮೆರಿಕದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ಅನ್ನುವ ಗಿಟಾರನ್ನು ಮಾರುಕಟ್ಟೆಗೆ ಬಿಟ್ಟಿದ್ದು 1951ರಲ್ಲಿ. 1965ರಲ್ಲಿ ಅವರ ಕಂಪನಿ ಸಿಬಿಎಸ್ ಪಾಲಾಯಿತು. ಅದಕ್ಕೂ ಮೊದಲು ತಯಾರಾದದ್ದು ಅಂತ ಖಾತ್ರಿಯಾದರೆ ಸಂಗ್ರಹಕಾರರು ಕೊಡುವ ಬೆಲೆಯೇ ಬೇರೆ. ಬಣ್ಣ ಎದ್ದುಹೋಗಿದ್ದರೂ ಅವರಿಗೆ ಬೇಜಾರಿಲ್ಲ, ಹೊಸ ಬಣ್ಣ ಬಳಿದಿರಬಾರದು ಅಷ್ಟೆ. ಬಿಚ್ಚಿ ನೋಡುತ್ತಾರೆ. ಒಳಗಿನ ಪಿಕಪ್ಪು, ವೈರು, ಸ್ಕ್ರೂ ಎಲ್ಲ ಆ ಕಾಲದ್ದೇ ಹೌದಾ ಅಂತ ಪರೀಕ್ಷೆ ಮಾಡುತ್ತಾರೆ. ಬೆಲೆ ಇರುವುದು ಒಳಗೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಂಥ ಬೇಸ್ ಗಿಟಾರು ಹುಡುಕಿಕೊಂಡು ಹೊರಟರೆ ಬರಿಗೈಲಿ ವಾಪಸು ಬರುತ್ತೀರಿ. ಆದರೆ ಇದೇ ಲೆಕ್ಕಾಚಾರಕ್ಕೆ ಒಪ್ಪುವ ಇನ್ನೊಂದು ವಾದ್ಯ ಇಲ್ಲಿನ ಎಷ್ಟೋ ಮನೆಗಳ ಅಟ್ಟದ ಮೇಲೆ ಕೂತಿದೆ. ಅದರಲ್ಲೂ ಬೇಸ್ ಇದೆ, ಅದಕ್ಕೂ ಬೆಲೆ ಒಳಗೇ ಇದೆ, ಅದನ್ನು ಮಾರುವವರಿಗೂ ಎಷ್ಟೋ ಸಲ ರೇಟು ಗೊತ್ತಿರುವುದಿಲ್ಲ. ಹಾರ್ಮೋನಿಯಂ.

ಮನೆಗೊಂದು ಪೆಟ್ಟಿಗೆ ಹೇಗೆ ಬಂತು?

ಈ ಮೂರು ತಾಲ್ಲೂಕಿನಲ್ಲಿ ಹುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ, ಆದರೂ ಬೇರೆ ಊರಿನ ಓದುಗರಿಗಾಗಿ ಹೇಳುತ್ತೇನೆ. ಇಲ್ಲಿ ಸಂಗೀತ ಅಂದರೆ ಸಭಾಭವನಕ್ಕೆ ಹೋಗಿ ಕೇಳಿ ಬರುವ ವಸ್ತು ಮಾತ್ರ ಅಲ್ಲ. ಮನೆಯ ಜಗುಲಿಯಲ್ಲೇ ತಾಳಮದ್ದಳೆ ಆಗುತ್ತದೆ, ಊರಿನ ಗುಡಿಯಲ್ಲಿ ಭಜನೆ ಆಗುತ್ತದೆ, ಅಡಿಕೆ ಕೊಯ್ಲು ಮುಗಿದ ಮೇಲೆ ಆಟ. ಭಾಗವತರಾಗಿ ಹೆಸರು ಮಾಡಿದ ನೆಬ್ಬೂರು ನಾರಾಯಣ ಭಾಗವತರು ಶಿರಸಿ ಸೀಮೆಯವರು. ಬಸವರಾಜ ರಾಜಗುರುಗಳ ಶಿಷ್ಯರಾದ ಪಂಡಿತ್ ಗಣಪತಿ ಭಟ್ಟರ ಹೆಸರಿನ ಜತೆಗಿರುವ ಹಾಸಣಗಿ, ಯಲ್ಲಾಪುರ ತಾಲ್ಲೂಕಿನ ಊರು. ಮಂಚಿಕೇರಿಯಲ್ಲಿ ನಾಟಕ. ಇಂಥ ಕಡೆ ಶ್ರುತಿ ಹಿಡಿಯುವ ಪೆಟ್ಟಿಗೆಯೊಂದು ಮನೆಗೆ ಬರುವುದು ಸಹಜವೇ.

ಯಕ್ಷಗಾನದಲ್ಲಿ ಹಿಂದೆ ಶ್ರುತಿಗೆ ಪುಂಗಿ ಇತ್ತು. ಆಮೇಲೆ ಅದರ ಜಾಗಕ್ಕೆ ಹಾರ್ಮೋನಿಯಂ ಬಂತು. ಈಗ ಹಾರ್ಮೋನಿಯಂ ಜಾಗಕ್ಕೆ ಕರೆಂಟಿನ ಶ್ರುತಿಪೆಟ್ಟಿಗೆ ಬಂದಿದೆ. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಮೊಬೈಲಿನ ತಂಬೂರಿ ಆ್ಯಪ್ ಸಾಕು. ‘ಬಿಳಿ ನಾಲ್ಕು’, ‘ಕಪ್ಪು ಎರಡು’ ಅಂತ ಹಾರ್ಮೋನಿಯಂ ಮನೆಯ ಹೆಸರಿನಲ್ಲೇ ಶ್ರುತಿ ಹೇಳುವ ರೂಢಿ ಮಾತ್ರ ಉಳಿದಿದೆ, ಪೆಟ್ಟಿಗೆ ಅಟ್ಟ ಸೇರಿದೆ.

ಅದರ ಮೇಲೆ ಮನೆಗಳೂ ಖಾಲಿಯಾಗುತ್ತಿವೆ. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಇನ್ನೂ ದೂರದಲ್ಲಿ. ಹಳೇ ಮನೆ ಬಿಚ್ಚಿ ಹೊಸತು ಕಟ್ಟುವಾಗ ಕಂಬ, ಬಾಗಿಲಿಗೆ ಗಿರಾಕಿ ಇದ್ದಾರೆ. ಹಿತ್ತಾಳೆ ಪಾತ್ರೆಗೆ ತೂಕದ ರೇಟಿದೆ. ನುಡಿಯದ ಹಾರ್ಮೋನಿಯಂ ಮಾತ್ರ ಗುಜರಿಯವನ ಟೆಂಪೋಗೆ ಹೋಗುತ್ತದೆ. ಒಳಗಿನ ರೀಡೂ ಹಿತ್ತಾಳೆಯೇ ಆದ್ದರಿಂದ ಅವನು ಅದನ್ನೂ ತೂಕಕ್ಕೇ ಹಾಕುತ್ತಾನೆ.

ಒಳಗೆ ಏನಿದೆ ಅಂದರೆ…

ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಅನ್ನುವವರು ಹಾರ್ಮೋನಿಯಂ ಹೆಸರಿನಲ್ಲಿ ಪೇಟೆಂಟು ತೆಗೆದುಕೊಂಡಿದ್ದು 1842ರಲ್ಲಿ. ಅದು ಕುರ್ಚಿಯಲ್ಲಿ ಕೂತು ಕಾಲಿನಲ್ಲಿ ತಿದಿ ತುಳಿಯುವ ವಾದ್ಯ. ನಾಟಕ ಕಂಪನಿಗಳಲ್ಲಿ ಇದ್ದ ಕಾಲು ಹಾರ್ಮೋನಿಯಂ ಅದೇ ವಂಶದ್ದು. ನೆಲದ ಮೇಲೆ ಕೂತು ಒಂದು ಕೈಲಿ ತಿದಿ ಒತ್ತಿ ಇನ್ನೊಂದು ಕೈಲಿ ನುಡಿಸುವ ನಮ್ಮ ಪೆಟ್ಟಿಗೆಗೆ ರೂಪ ಕೊಟ್ಟವರು ಕಲ್ಕತ್ತದ ದ್ವಾರಕಾನಾಥ ಘೋಷ್. ಅವರ ‘ದ್ವಾರ್ಕಿನ್’ ಅಂಗಡಿ ಶುರುವಾಗಿದ್ದು 1875ರಲ್ಲಿ.

ಎಲ್ಲರಿಗೂ ಇದು ಇಷ್ಟವಾಗಲಿಲ್ಲ. ಮೀಂಡ್ ಬರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವುದಕ್ಕಾಗುವುದಿಲ್ಲ, ಇದು ಪರದೇಶಿ ಪೆಟ್ಟಿಗೆ ಅಂತ ತಕರಾರು. 1940ರಲ್ಲಿ ಆಕಾಶವಾಣಿ ಇದನ್ನು ಹೊರಗಿಟ್ಟಿತು. ಬಾಗಿಲು ಮತ್ತೆ ತೆರೆಯಲು ಸುಮಾರು ಮೂರು ದಶಕ ಬೇಕಾಯಿತು. ಅಷ್ಟು ವರ್ಷವೂ ಮನೆಯಲ್ಲಿ, ಗುಡಿಯಲ್ಲಿ, ರಂಗದಲ್ಲಿ ಇದು ನುಡಿಯುತ್ತಲೇ ಇತ್ತು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು ಇಡೀ ಬದುಕನ್ನೇ ಇದಕ್ಕೆ ಕೊಟ್ಟರು.

ಇನ್ನು ನಮ್ಮ ವಿಷಯಕ್ಕೆ ಬರೋಣ. ಹಾರ್ಮೋನಿಯಮ್ಮಿನ ಜೀವ ಇರುವುದು ರೀಡಿನಲ್ಲಿ. ಹಿತ್ತಾಳೆಯ ಒಂದು ಚಿಕ್ಕ ಚೌಕಟ್ಟು, ಅದಕ್ಕೆ ಒಂದು ತುದಿಯಲ್ಲಿ ಬಿಗಿದ ತೆಳು ನಾಲಿಗೆ. ಗಾಳಿ ಹಾದಾಗ ನಾಲಿಗೆ ನಡುಗುತ್ತದೆ, ಸ್ವರ ಬರುತ್ತದೆ. ಸಿಂಗಲ್ ರೀಡಿನ ಪೆಟ್ಟಿಗೆಯಲ್ಲಿ ಒಂದು ಮನೆಗೆ ಒಂದು ರೀಡು. ಡಬಲ್ ಆದರೆ ಎರಡು, ಸಾಮಾನ್ಯವಾಗಿ ‘ಬೇಸ್’ ಮತ್ತು ‘ಮೇಲ್’. ಹಳಬರು ಖರ್ಜ, ನರ ಅನ್ನುತ್ತಾರೆ. ಬೇಸ್ ರೀಡು ಒಂದು ಸಪ್ತಕ ಕೆಳಗೆ ನುಡಿಯುತ್ತದೆ. ಇದಿದ್ದರೆ ಧ್ವನಿಗೆ ತುಂಬು ಬರುತ್ತದೆ, ಇಲ್ಲದಿದ್ದರೆ ತೆಳು.

ಹಳೇ ಕಾಲದ ಒಳ್ಳೆಯ ಪೆಟ್ಟಿಗೆಗಳಿಗೆ ಯುರೋಪಿನ ರೀಡು ಹಾಕುತ್ತಿದ್ದರು. ಜರ್ಮನಿಯ ‘ಜುಬಿಲೇಟ್’, ಪ್ಯಾರಿಸ್ಸಿನ ‘ಕಾಸ್ರಿಯೆಲ್’ ಹೆಸರು ಕೇಳಿದರೆ ಬಲ್ಲವರು ಇವತ್ತಿಗೂ ಕಿವಿ ನಿಮಿರಿಸುತ್ತಾರೆ. ಅಂಥವು ಈಗ ಹೊಸದಾಗಿ ಬರುವುದಿಲ್ಲ, ಹಳೇ ಪೆಟ್ಟಿಗೆಯಲ್ಲೇ ಹುಡುಕಬೇಕು. ಗುಜರಾತಿನ ಪಾಲಿತಾಣದಲ್ಲಿ ತಯಾರಾಗುವ ರೀಡು ಕೂಡ ಕಮ್ಮಿಯದ್ದಲ್ಲ. ಈಗಿನ ಎಷ್ಟೋ ಒಳ್ಳೆಯ ಹಾರ್ಮೋನಿಯಂ ಅದರಲ್ಲೇ ಆಗುತ್ತವೆ.

ಹಾಗಾಗಿ ಹೊರಗಿನಿಂದ ಒಂದೇ ಥರ ಕಾಣುವ ಎರಡು ಪೆಟ್ಟಿಗೆಗಳಲ್ಲಿ ಒಂದು ಸೌದೆ, ಒಂದು ನಿಧಿ ಆಗಿರಬಹುದು. ಇಲ್ಲಿಂದ ಶುರುವಾಗುತ್ತದೆ ಪೇಚಾಟ.

ಎರಡು ಸಾವಿರದ ಪ್ರಶ್ನೆ

ನನ್ನ ಗೆಳೆಯನೊಬ್ಬ ಶಿರಸಿಯವನು. ಸಾಫ್ಟ್‌ವೇರಿನ ಕೆಲಸ, ತಿಂಗಳಲ್ಲಿ ಹದಿನೈದು ದಿನ ಊರಿಂದಲೇ ಲಾಗಿನ್. ಸಿದ್ದಾಪುರದ ಕಡೆ ಒಂದು ಮನೆಯಲ್ಲಿ ಹಳೇ ಪೆಟ್ಟಿಗೆ ಇದೆ ಅಂತ ಸುದ್ದಿ ಸಿಕ್ಕಿತು. ನಾನೂ ಜತೆಗೆ ಹೋಗಿದ್ದೆ. ಮನೆಯಲ್ಲಿ ಎಪ್ಪತ್ತೈದು ದಾಟಿದ ಅತ್ತೆಯೊಬ್ಬರೇ. ಮಗ ಬೆಂಗಳೂರಿನಲ್ಲಿ. ಆಸ್ರಿಗೆ ಕೋಕಂ ಕೊಟ್ಟು, ಅಟ್ಟದಿಂದ ಇಳಿಸಿಟ್ಟಿದ್ದ ಪೆಟ್ಟಿಗೆ ತೋರಿಸಿದರು.

‘ಅದು ನುಡಿತಿಲ್ಲೆ ತಮಾ. ಗುಜರಿಯವ ಐನೂರು ಕೊಡ್ತಿ ಹೇಳಿದ್ದ. ನೀ ಎರಡು ಸಾವಿರ ಕೊಟ್ರೆ ತಗಂಡು ಹೋಗು.’

ಗೆಳೆಯ ಮೇಲಿನ ಹಲಗೆ ಬಿಚ್ಚಿದ. ಮಸಿ, ಧೂಳು, ಒಂದು ಮೂಲೆಯಲ್ಲಿ ಇಲಿ ಗೂಡು. ತಿದಿಯ ಬಟ್ಟೆ ಎರಡು ಕಡೆ ಹರಿದಿತ್ತು. ರೀಡಿನ ಹಲಗೆ ಎತ್ತಿ ಮೊಬೈಲಿನ ಟಾರ್ಚು ಬಿಟ್ಟ. ಎರಡು ಸಾಲು ರೀಡು, ಜರ್ಮನಿಯ ಮುದ್ರೆ ಸ್ಪಷ್ಟವಾಗಿ ಕಾಣುತ್ತಿತ್ತು. ಆಗ ಅವನ ಮುಖದಲ್ಲಿ ಮೇಲೆ ಹೇಳಿದ ಹೊಳಪು ಬಂತು ನೋಡಿ.

ಜೇಬಿನಲ್ಲಿ ಎರಡು ಸಾವಿರ ಇತ್ತು. ಕೊಟ್ಟು, ಪೆಟ್ಟಿಗೆ ಕಾರಿಗೆ ಹಾಕಿಕೊಂಡು ಬಂದಿದ್ದರೆ ಅದು ಯಾವ ಕಾನೂನಿಗೂ ವಿರುದ್ಧ ಅಲ್ಲ. ಬೆಲೆ ಹೇಳಿದ್ದು ಅವರೇ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ ಗೆಳೆಯ ಕಡೆಗೆ ಹೇಳಿಯೇ ಬಿಟ್ಟ: ‘ಅತ್ತೆ, ಇದ್ರ ಒಳಗೆ ಜರ್ಮನಿ ರೀಡು ಇದ್ದು. ಎರಡು ಸಾವಿರದ್ದಲ್ಲ ಇದು.’

ಅತ್ತೆ ಕಣ್ಣೀರು ಹಾಕಲಿಲ್ಲ, ಆಶೀರ್ವಾದ ಮಾಡಲಿಲ್ಲ. ‘ಹಂಗಾದ್ರೆ ಮಾಣಿ ಹತ್ರ ಒಂದು ಮಾತು ಕೇಳವು’ ಅಂದರು. ವ್ಯವಹಾರ ಅಲ್ಲಿಗೆ ನಿಂತಿತು.

ಮಗ ಆವತ್ತು ರಾತ್ರಿಯೇ ಗೂಗಲ್ ಮಾಡಿದ. ಮರುದಿನ ಫೋನು: ‘ಇಂಥದ್ದೇ ಒಂದನ್ನ ಆನ್‌ಲೈನಲ್ಲಿ 60 ಸಾವಿರಕ್ಕೆ ಹಾಕಿದಾರೆ. ನೀವೆಷ್ಟು ಕೊಡ್ತೀರಿ?’ ಗೆಳೆಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಕಿದ ರೇಟು ಬೇರೆ, ಮಾರಿದ ರೇಟು ಬೇರೆ ಅಂತ ತಿಳಿಸಿ ಹೇಳುವಷ್ಟರಲ್ಲಿ ಒಂದು ವಾರ. ಕಡೆಗೆ ಮಗನ ಒಪ್ಪಿಗೆ ಪಡೆದು ಪೆಟ್ಟಿಗೆಯನ್ನು ಹುಬ್ಬಳ್ಳಿಯ ರಿಪೇರಿಯವರ ಹತ್ತಿರ ಒಯ್ದ. ತಿದಿ ಪೂರ್ತಿ ಹೊಸದು, ಮನೆಗಳ ಕೆಳಗಿನ ಚರ್ಮ ಮತ್ತು ಫೆಲ್ಟು ಬದಲು, ಮುರಿದ ಮೂರು ರೀಡಿಗೆ ಬೇರೆ ಜೋಡಣೆ, ಕಡೆಗೆ ಶ್ರುತಿ. ಎಲ್ಲ ಸೇರಿ 11 ಸಾವಿರ ಅಂತ ಚೀಟಿ ಬರೆದುಕೊಟ್ಟರು. ಆ ಚೀಟಿಯ ಫೋಟೋ ಮಗನಿಗೆ ಕಳಿಸಿದ ಮೇಲೆ ಮಾತು ನೆಲಕ್ಕೆ ಬಂತು. 9 ಸಾವಿರಕ್ಕೆ ಕುದುರಿತು.

ಲೆಕ್ಕ ಹಾಕಿ. ಬಾಯಿ ಮುಚ್ಚಿಕೊಂಡಿದ್ದರೆ 13 ಸಾವಿರದಲ್ಲಿ ಮುಗಿಯುತ್ತಿತ್ತು. ನಿಜ ಹೇಳಿದ್ದಕ್ಕೆ 7 ಸಾವಿರ ಹೆಚ್ಚು, ಮೇಲಿಂದ ಒಂದು ತಿಂಗಳ ಕಾಯುವಿಕೆ.

‘ಅಷ್ಟೆಲ್ಲ ಹೇಳಬೇಕಾಗಿತ್ತಾ?’ ಅಂತ ನಮ್ಮ ಗುಂಪಿನಲ್ಲಿ ಜೋರು ವಾದವೇ ಆಯಿತು. ‘ಅವನ ಜ್ಞಾನಕ್ಕೆ ಬೆಲೆ ಇಲ್ವಾ? ವರ್ಷಗಟ್ಟಲೆ ಕಲಿತಿದ್ದರಿಂದ ತಾನೆ ಅವನಿಗೆ ಮುದ್ರೆ ಗುರುತು ಸಿಕ್ಕಿದ್ದು?’ ಅನ್ನುವುದು ಒಂದು ಪಾರ್ಟಿಯ ವಾದ. ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ.

ನಾನು ಹಾಕಿಕೊಂಡಿರುವ ಗೆರೆ ಇಷ್ಟು: ಎದುರಿಗಿರುವವನು ವ್ಯಾಪಾರಿ ಆದರೆ ಚೌಕಾಸಿ ಮಾಡಿ, ನಿಮಗೆ ಗೊತ್ತಿದ್ದನ್ನು ಗುಟ್ಟಾಗಿಟ್ಟುಕೊಳ್ಳಿ, ತಪ್ಪಿಲ್ಲ. ಸಾಮಾನಿನ ಬೆಲೆ ತಿಳಿದುಕೊಳ್ಳುವುದು ಅವನ ಕಸುಬು. ಗುಜರಿ ಅಂಗಡಿಯಲ್ಲಿ ಐನೂರಕ್ಕೆ ಜರ್ಮನ್ ರೀಡು ಸಿಕ್ಕರೆ ಪೇಡೆ ಹಂಚಿ. ಆದರೆ ಮಾರುತ್ತಿರುವುದು ಒಂದು ಮನೆ ಆದರೆ, ಅದರಲ್ಲೂ ಒಬ್ಬಂಟಿ ಹಿರಿಯರು ಆದರೆ, ಒಳಗೇನಿದೆ ಅಂತ ಹೇಳಿ. ಆಮೇಲೆ ರಿಪೇರಿ ಖರ್ಚಿನ ಲೆಕ್ಕ ಮುಂದಿಟ್ಟು ಧಾರಾಳವಾಗಿ ಚೌಕಾಸಿ ಮಾಡಿ. ಹೇಳಿದ ಮಾತ್ರಕ್ಕೆ ದುಬಾರಿ ಕೊಡಬೇಕು ಅಂತೇನೂ ಇಲ್ಲ.

ಇದು ಬರೀ ಧರ್ಮದ ಮಾತಲ್ಲ, ವ್ಯವಹಾರದ ಮಾತೂ ಹೌದು. ನಮ್ಮ ಕಡೆ ಯಾರ ಮನೆಗೆ ಯಾರು ನೆಂಟರು ಅಂತ ಹೇಳುವುದು ಕಷ್ಟ. ಸಿದ್ದಾಪುರದಲ್ಲಿ ಬೆಳಿಗ್ಗೆ ಆದ ವ್ಯಾಪಾರ ಮಧ್ಯಾಹ್ನದ ಊಟದ ಹೊತ್ತಿಗೆ ಯಲ್ಲಾಪುರದಲ್ಲಿ ಸುದ್ದಿ. ಗೆಳೆಯನ 7 ಸಾವಿರಕ್ಕೆ ಏನು ಬಂತು ಅಂದರೆ, ಎರಡೇ ತಿಂಗಳಲ್ಲಿ ಅದೇ ಅತ್ತೆಯ ತವರುಮನೆಯಿಂದ ಫೋನು: ‘ಇಲ್ಲೂ ಒಂದು ಪೆಟ್ಟಿಗೆ ಇದ್ದು, ಬಂದು ನೋಡ್ತ್ಯ?’

ಪಾಲಿಶ್ ನೋಡಿ ಮರುಳಾಗಬೇಡಿ

ಇದರ ಉಲ್ಟಾ ಕಥೆಯೂ ಇದೆ. ಯಲ್ಲಾಪುರದ ಕಡೆಯ ಒಬ್ಬರು ಆನ್‌ಲೈನಿನಲ್ಲಿ ‘ಆಂಟಿಕ್ ಹಾರ್ಮೋನಿಯಂ, ನೂರು ವರ್ಷ ಹಳೆಯದು’ ಅಂತ ನೋಡಿ 14 ಸಾವಿರ ಕೊಟ್ಟು ತರಿಸಿಕೊಂಡರು. ಫಳಫಳ ಪಾಲಿಶ್, ಹಿತ್ತಾಳೆ ಹಿಡಿಕೆ, ಕೆತ್ತನೆ. ಬಿಚ್ಚಿದರೆ ಒಳಗೆ ಮೊನ್ನೆ ಮೊನ್ನೆ ಹಾಕಿದ ಅಗ್ಗದ ರೀಡು, ಅಂಟು ಸೋರಿದ ಕಲೆ. ಪೆಟ್ಟಿಗೆ ಹಳೆಯದೇ ಇರಬಹುದು, ವಾದ್ಯ ಹಳೆಯದಲ್ಲ. ಗಿಟಾರಿನವರು ಹೊಸ ಬಣ್ಣ ಕಂಡರೆ ಹಿಂದೆ ಸರಿಯುವುದು ಇದಕ್ಕೇ.

ಹಾಗಾದರೆ ನೋಡುವುದು ಹೇಗೆ? ರಿಪೇರಿಯವರ ಪಕ್ಕ ಕೂತು ಕಲಿತದ್ದನ್ನು ಇಲ್ಲಿ ಕೊಡುತ್ತೇನೆ. ಕಾಲು ಗಂಟೆ ಸಾಕು, ಸಂಗೀತ ಬರಬೇಕೆಂದಿಲ್ಲ.

ಮೊದಲು ತಿದಿ. ಎಲ್ಲ ಸ್ಟಾಪರ್ ಮುಚ್ಚಿ, ಯಾವ ಮನೆಯನ್ನೂ ಒತ್ತದೆ ನಾಲ್ಕೈದು ಸಲ ತಿದಿ ಹಾಕಿ. ಗಾಳಿ ಒಳಗೆ ನಿಲ್ಲಬೇಕು, ಕೈಗೆ ಎದುರೊತ್ತು ಸಿಗಬೇಕು. ಬುಸ್ ಅಂತ ಇಳಿದುಹೋದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಬಟ್ಟೆ, ಚರ್ಮ ಹರಿದಿದ್ದರೆ ಹೆದರಬೇಡಿ, ಅದು ಬದಲಾಯಿಸುವ ವಸ್ತು. ರೀಡು ಕೂರಿಸಿದ ಹಲಗೆಯೇ ಸೀಳಿದ್ದರೆ ಮಾತ್ರ ಎರಡು ಸಲ ಯೋಚಿಸಿ, ಅದು ದೊಡ್ಡ ಕೆಲಸ.

ಆಮೇಲೆ ಸ್ಟಾಪರ್ ತೆಗೆದು, ಏನೂ ಒತ್ತದೆ ತಿದಿ ಹಾಕಿ. ತನ್ನಷ್ಟಕ್ಕೆ ಯಾವುದೋ ಸ್ವರ ಕೂಗಿದರೆ ಒಂದು ಮನೆ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ. ಬಹಳ ಸಲ ಒಳಗಿನ ಸ್ಪ್ರಿಂಗೋ, ಧೂಳೋ ಕಾರಣ. ಸಣ್ಣ ರಿಪೇರಿ. ಆದರೆ ಮಾರುವವರು ‘ಹಾಳಾಗಿದೆ’ ಅಂದುಕೊಳ್ಳುವುದು ಇದರಿಂದಲೇ.

ಮೂರನೆಯದು, ಒಂದೊಂದೇ ಮನೆ ಒತ್ತುತ್ತಾ ಹೋಗಿ. ಮೂರೂಕಾಲು ಸಪ್ತಕದ್ದಾದರೆ 39 ಮನೆ, ಮೂರೂವರೆಯದ್ದಾದರೆ 42. ನಿಧಾನ ಗಾಳಿಗೂ ಸ್ವರ ಏಳುತ್ತದಾ ಗಮನಿಸಿ. ಬೇಸ್ ರೀಡನ್ನು ಬೇರೆಯಾಗಿ ಕೇಳಿ. ಅದರ ನಾಲಿಗೆ ಉದ್ದ, ಹೆಚ್ಚು ಗಾಳಿ ಬೇಡುತ್ತದೆ. ಹಾಗಾಗಿ ಪೆಟ್ಟಿಗೆ ಸೋರುತ್ತಿದ್ದರೆ ಮೊದಲು ಸೊರಗುವುದು ಬೇಸ್. ಕೆಳಗಿನ ಸಾ ತಡಮಾಡದೆ ತುಂಬಿಕೊಂಡು ಬಂತು ಅಂದರೆ ಅರ್ಧ ಪರೀಕ್ಷೆ ಪಾಸು.

ನಾಲ್ಕನೆಯದು ಶ್ರುತಿ. ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಹಾಕಿ. ಹಳೇ ಪೆಟ್ಟಿಗೆ ಈಗಿನ 440ರ ಲೆಕ್ಕಕ್ಕೆ ಸರಿಯಾಗಿ ಕೂರದೇ ಇರಬಹುದು. ಎಲ್ಲ ಸ್ವರವೂ ಒಂದೇ ಪ್ರಮಾಣದಲ್ಲಿ ಮೇಲೋ ಕೆಳಗೋ ಇದ್ದರೆ ಅದು ದೋಷವಲ್ಲ, ಬೇರೆ ಶ್ರುತಿಗೆ ಕೂರಿಸಿದ್ದಾರೆ ಅಷ್ಟೆ. ಒಂದು ಮೇಲೆ, ಒಂದು ಕೆಳಗೆ ಅಂತ ಚೆಲ್ಲಾಪಿಲ್ಲಿ ಆಗಿದ್ದರೆ ಕೆಲಸ ಇದೆ.

ಐದನೆಯದು, ಬಿಚ್ಚಿ ನೋಡುವುದು. ಮನೆಯವರನ್ನು ಕೇಳಿಯೇ ಬಿಚ್ಚಿ. ರೀಡಿನ ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಶ್ರುತಿ ಮಾಡುವುದೇ ಹೀಗೆ. ಪ್ರತಿ ಸಲವೂ ಒಂದಿಷ್ಟು ಲೋಹ ಹೋಗುತ್ತದೆ, ಮತ್ತೆ ಬರುವುದಿಲ್ಲ. ನಾಲಿಗೆಯ ಮೇಲೆ ಗೀರುಗಳು ಕಿಕ್ಕಿರಿದಿದ್ದರೆ ಆ ರೀಡು ಸವೆದಿದೆ. ಗೀರು ಕಮ್ಮಿ ಇದ್ದರೆ, ಮೇಲೆ ಕಿಲುಬು ಇದ್ದರೂ ಬೇಜಾರಿಲ್ಲ. ಸಾಲಿನಲ್ಲಿ ಒಂದೆರಡು ರೀಡಿನ ಬಣ್ಣ ಬೇರೆ ಕಂಡರೆ ನಡುವೆ ಬದಲಾಯಿಸಿದ್ದಾರೆ ಅಂತ ತಿಳಿಯಿರಿ. ಕಿಲುಬು ತೆಗೆಯಲು ಹುಣಸೆಹಣ್ಣು, ನಿಂಬೆಹುಳಿ ಮಾತ್ರ ದಯವಿಟ್ಟು ಹಚ್ಚಬೇಡಿ. ಅದು ದೇವರ ಪಾತ್ರೆಯಲ್ಲ.

ಕೊನೆಯದಾಗಿ ಮರ. ಗೆದ್ದಲಿನ ಮಣ್ಣು, ಕುಟ್ಟೆ ಹಿಡಿದ ಸಣ್ಣ ತೂತು, ಹಿಟ್ಟು ಉದುರುವುದು ಇದೆಯಾ ನೋಡಿ. ಹೊಗೆಯಟ್ಟದಲ್ಲಿ ಇದ್ದ ಪೆಟ್ಟಿಗೆ ಮಸಿ ಹಿಡಿದು ಅಸಹ್ಯವಾಗಿ ಕಾಣುತ್ತದೆ, ಆದರೆ ಹುಳ ಹಿಡಿಯದೆ ಗಟ್ಟಿಯಾಗಿ ಉಳಿದಿರುವ ಸಾಧ್ಯತೆ ಜಾಸ್ತಿ. ಹೊಸ ಮನೆಯ ಸಿಮೆಂಟು ಕೋಣೆಯಲ್ಲಿ, ಮಂಚದ ಅಡಿ ಇಟ್ಟದ್ದು ಚಂದ ಕಂಡರೂ ಒಳಗೆ ಬೂಸಲು ಹಿಡಿದಿರುತ್ತದೆ.

ಮಳೆಗಾಲದ ರೇಟು

ಮಲೆನಾಡಿನವರಿಗೆ ಮಾತ್ರ ಅನ್ವಯಿಸುವ ಒಂದು ವಿಷಯ ಇದೆ. ಜುಲೈ, ಆಗಸ್ಟಿನಲ್ಲಿ ಇಲ್ಲಿನ ಗಾಳಿಯೇ ಒದ್ದೆ. ಮರ ಉಬ್ಬುತ್ತದೆ, ಒತ್ತಿದ ಮನೆ ಮೇಲೆ ಬರುವುದಿಲ್ಲ, ಸ್ಟಾಪರ್ ಎಳೆದರೆ ಕಿತ್ತು ಬರುತ್ತದೇನೋ ಅನ್ನಿಸುತ್ತದೆ. ‘ಇದರ ಕಥೆ ಮುಗೀತು’ ಅಂತ ಮನೆಯವರು ಆಗಲೇ ನಿರ್ಧಾರ ಮಾಡುವುದು. ಅದೇ ಪೆಟ್ಟಿಗೆ ದೀಪಾವಳಿ ಕಳೆದು ಒಣಹವೆ ಶುರುವಾದ ಮೇಲೆ ತನ್ನಷ್ಟಕ್ಕೆ ಬಿಟ್ಟುಕೊಳ್ಳುವುದೂ ಉಂಟು.

ಹಾಗಾಗಿ ಮಳೆಗಾಲದಲ್ಲಿ ನೋಡಿದ್ದನ್ನು ಬೇಸಿಗೆಯಲ್ಲಿ ಇನ್ನೊಮ್ಮೆ ನೋಡದೆ ತೀರ್ಮಾನ ಬೇಡ. ಕೊಳ್ಳುವವರಿಗೆ ಎಷ್ಟು ಹೇಳುತ್ತಿದ್ದೇನೋ ಮಾರುವವರಿಗೂ ಅಷ್ಟೇ ಹೇಳುತ್ತಿದ್ದೇನೆ. ಆಷಾಢದಲ್ಲಿ ಬೇಜಾರು ಬಂದು ಗುಜರಿಗೆ ಹಾಕಬೇಡಿ, ಫೆಬ್ರುವರಿವರೆಗೆ ಕಾಯಿರಿ.

ತಂದ ಮೇಲೂ ಇದೇ ತಲೆನೋವು. ಬೆಂಗಳೂರಿನ ಫ್ಲ್ಯಾಟಿಗೆ ಒಯ್ದ ತಕ್ಷಣ ಶ್ರುತಿ ಮಾಡಿಸಬೇಡಿ, ಮರ ಅಲ್ಲಿನ ಹವೆಗೆ ಹೊಂದಿಕೊಳ್ಳಲು ಒಂದು ತಿಂಗಳು ಬಿಡಿ. ಬಸ್ಸಿನಲ್ಲಿ ಒಯ್ಯುವುದಾದರೆ ಡಿಕ್ಕಿಗೆ ಹಾಕದೆ ಪಕ್ಕದಲ್ಲೇ ಇಟ್ಟುಕೊಳ್ಳಿ. ಶಿರಸಿ, ಯಲ್ಲಾಪುರದಿಂದ ಹುಬ್ಬಳ್ಳಿ ರಸ್ತೆಯ ಗುಂಡಿ ಯಾವ ರೀಡಿಗೂ ಹಿತವಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ ಇಡಿ. ಎಲ್ಲಕ್ಕಿಂತ ಒಳ್ಳೆಯ ಔಷಧ, ದಿನಕ್ಕೆ ಹತ್ತು ನಿಮಿಷ ನುಡಿಸುವುದು. ಗಾಳಿ ಆಡುತ್ತಿದ್ದರೆ ಹುಳವೂ ಬರುವುದಿಲ್ಲ, ಬೂಸಲೂ ಬರುವುದಿಲ್ಲ.

ಯಾರದ್ದು ಅಂತ ಕೇಳಿ

ಇನ್ನೊಂದು ಮಾತು. ಪೆಟ್ಟಿಗೆ ಯಾರದ್ದು ಅಂತ ಖಾತ್ರಿ ಮಾಡಿಕೊಳ್ಳಿ. ಹಿಸ್ಸೆ ಆಗದ ಮನೆಯಲ್ಲಿ ಅಣ್ಣ ಮಾರಿದ್ದನ್ನು ತಮ್ಮ ಒಪ್ಪದೇ ಇರಬಹುದು. ‘ಅಪ್ಪಯ್ಯನ ಹಾರ್ಮೋನಿಯಂ’ ಅಂದ ಕೂಡಲೇ ಹತ್ತು ವರ್ಷ ಯಾರೂ ಮುಟ್ಟದ ವಸ್ತುವಿನ ಮೇಲೆ ಎಲ್ಲರಿಗೂ ಪ್ರೀತಿ ಉಕ್ಕುತ್ತದೆ. ಮನೆಯವರೆಲ್ಲರಿಗೂ ಗೊತ್ತಾ ಅಂತ ಕೇಳಿ. ದುಡ್ಡನ್ನು ಯುಪಿಐನಲ್ಲೋ ಬ್ಯಾಂಕಿಗೋ ಹಾಕಿ, ಎರಡು ಸಾಲಿನ ಚೀಟಿ ಬರೆಸಿಕೊಳ್ಳಿ.

ಕೆಲವು ಪೆಟ್ಟಿಗೆ ಮನೆಯಲ್ಲಿ ಇರುತ್ತದೆ, ಮನೆಯದ್ದಾಗಿರುವುದಿಲ್ಲ. ಊರಿನ ಭಜನಾ ಮಂಡಳಿಯದ್ದು, ಗುಡಿಯದ್ದು, ಶಾಲೆಯದ್ದು. ಇಟ್ಟುಕೊಳ್ಳಲು ಜಾಗ ಇಲ್ಲ ಅಂತ ಯಾರದೋ ಮನೆಗೆ ಬಂದು ಅಲ್ಲೇ ಉಳಿದದ್ದು. ಪೆಟ್ಟಿಗೆಯ ಹಿಂಭಾಗದಲ್ಲೋ ತಳದಲ್ಲೋ ಹೆಸರು ಬರೆದಿದೆಯಾ ನೋಡಿ. ಅಂಥದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಅದು ಊರಿನ ಸೊತ್ತು. ಬೇಕಾದರೆ ಮಂಡಳಿಯವರಿಗೆ ಹೇಳಿ, ನಾಲ್ಕು ಜನ ಸೇರಿ ರಿಪೇರಿ ಮಾಡಿಸಿ.

ಹಾಗೆಯೇ, ಮನೆಯಲ್ಲಿ ಕಲಿಯುವ ಮಗು ಇದ್ದರೆ ಕೊಳ್ಳುವ ಮಾತು ಪಕ್ಕಕ್ಕಿಟ್ಟು ‘ರಿಪೇರಿ ಮಾಡಿಸಿ, ಇಟ್ಕೊಳ್ಳಿ’ ಅಂತ ಹೇಳಿ. ನಿಮಗೊಂದು ಪೆಟ್ಟಿಗೆ ತಪ್ಪಬಹುದು. ಇನ್ನೊಂದು ಮನೆಯ ವಿಳಾಸ ಅವರೇ ಕೊಡುತ್ತಾರೆ.

ಕಡೆಗೆ ಲಾಭ ಎಷ್ಟು?

ಅಗ್ಗಕ್ಕೆ ಸಿಕ್ಕಿತು ಅನ್ನುವ ಮೊದಲು ಮೂರು ಅಂಕಿ ಕೂಡಿಸಿ: ಕೊಟ್ಟ ಬೆಲೆ, ರಿಪೇರಿ, ಓಡಾಟ. ಆ ಮೊತ್ತಕ್ಕೆ ಹೊಸ ಡಬಲ್ ರೀಡಿನ ಒಳ್ಳೆಯ ಪೆಟ್ಟಿಗೆಯೇ ಬರುವ ಹಾಗಿದ್ದರೆ, ಹಳೆಯದರಲ್ಲಿ ಹೊಸದರಲ್ಲಿಲ್ಲದ್ದು ಏನಾದರೂ ಇರಬೇಕು. ರೀಡು, ಮರ, ಅಥವಾ ನಿಮ್ಮ ಅಜ್ಜ ನುಡಿಸಿದ್ದು ಅನ್ನುವ ಒಂದೇ ಕಾರಣ, ಯಾವುದಾದರೂ ಸರಿ. ಯಾವುದೂ ಇಲ್ಲದಿದ್ದರೆ ಹೊಸದನ್ನೇ ಕೊಳ್ಳಿ, ಬರೀ ‘ವಿಂಟೇಜ್’ ಅನ್ನುವ ಪದಕ್ಕೆ ದುಡ್ಡು ಕೊಡಬೇಡಿ. ಬೈಠಕ್ಕಿನಲ್ಲಿ ಗಿಡದ ಕುಂಡ ಇಡಲು ಹಾರ್ಮೋನಿಯಂ ಬೇಕು ಅನ್ನುವವರಿಗಂತೂ ನನ್ನ ಹತ್ತಿರ ಯಾವ ಸಲಹೆಯೂ ಇಲ್ಲ.

ಗೆಳೆಯನ ಪೆಟ್ಟಿಗೆಗೆ ಒಟ್ಟು 20 ಸಾವಿರ, ಬಸ್ ಚಾರ್ಜು ಬೇರೆ. ಅವನಿಗೆ ಅದು ಅಗ್ಗ. ಅಂಥ ಎರಡು ಸಾಲು ರೀಡು ಇವತ್ತು ಯಾವ ಕಾರ್ಖಾನೆಗೆ ಹೋದರೂ ಹೊಸದಾಗಿ ಸಿಗುವುದಿಲ್ಲ. ಮಾರಿದ ಮನೆಯವರಿಗೂ ಅನ್ಯಾಯ ಆಗಲಿಲ್ಲ, ಗುಜರಿಯ ಐನೂರರ ಬದಲು 9 ಸಾವಿರ ಬಂತು. ಹಳೇ ವಾದ್ಯದ ವ್ಯಾಪಾರದಲ್ಲಿ ನಾನು ಒಳ್ಳೆಯ ಬಾರ್ಗೇನ್ ಅನ್ನುವುದು ಇದಕ್ಕೆ.

ಮುಂದಿನ ಸಲ ರಜೆ ಹಾಕಿ ಊರಿಗೆ ಹೋದಾಗ, ಜಾತ್ರೆಗೋ ಹಬ್ಬಕ್ಕೋ, ಒಮ್ಮೆ ನಿಮ್ಮದೇ ಮನೆಯ ಅಟ್ಟ ಹತ್ತಿ ನೋಡಿ. ಪೆಟ್ಟಿಗೆ ಸಿಕ್ಕರೆ ಮೊದಲು ಧೂಳು ಒರೆಸಿ, ಸ್ಟಾಪರ್ ಮುಚ್ಚಿ, ನಾಲ್ಕು ಸಲ ತಿದಿ ಹಾಕಿ. ಗಾಳಿ ನಿಂತರೆ ಬೇಸ್ ತೆಗೆದು ಕೆಳಗಿನ ಸಾ ಒತ್ತಿ. ಏನು ಕೇಳಿಸಿತು ಅಂತ ನನಗೂ ಬರೆಯಿರಿ.